ವಾಸನೆಯೇ ಇಲ್ಲದ ವಿಷ: ಹಳೆ ಕಾರು ಇರುವವರು ತಿಳಿಯಬೇಕಾದ ಹಾಲ್ಡೇನ್ ಕಥೆ

ಕಾರಿನೊಳಗೆ ಹೊಗೆಯ ವಾಸನೆ ಬರದಿದ್ದರೆ ಸೈಲೆನ್ಸರ್ ಸರಿಯಾಗಿದೆ ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಈ ಅನಿಲ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ತಮ್ಮ ಮೇಲೆಯೇ ಪ್ರಯೋಗಿಸಿ ತಿಳಿದುಕೊಂಡವರು ಜಾನ್ ಸ್ಕಾಟ್ ಹಾಲ್ಡೇನ್.

1860ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದ ಅವರು ಅಲ್ಲೇ ವೈದ್ಯಕೀಯ ಓದಿದರು. ಬಳಿಕ ಆಕ್ಸ್‌ಫರ್ಡ್‌ನಲ್ಲಿ ಉಸಿರಾಟದ ಸಂಶೋಧನೆಗೆ ತೊಡಗಿದರು. 1890ರ ದಶಕದಲ್ಲಿ ತಾವೇ ಈ ಅನಿಲವನ್ನು ಉಸಿರಾಡಿ, ಆಗಾಗ ರಕ್ತದ ಹನಿ ತೆಗೆದು ಪರೀಕ್ಷಿಸಿದರು. ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಾಲುವುದಿಲ್ಲ.

1896ರಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿ ಸ್ಫೋಟವನ್ನು ಅವರು ಪರಿಶೀಲಿಸಿದರು. ಹೆಚ್ಚಿನ ಕಾರ್ಮಿಕರನ್ನು ಕೊಂದಿದ್ದು ಸ್ಫೋಟವಲ್ಲ, ಅದರ ನಂತರ ಹರಡಿದ ಈ ಅನಿಲ ಎಂದು ತೋರಿಸಿದರು. ಇಲಿ, ಕ್ಯಾನರಿ ಹಕ್ಕಿಯಂಥ ಪುಟ್ಟ ಜೀವಿಗಳು ಮನುಷ್ಯನಿಗಿಂತ ಬೇಗ ಕುಸಿಯುವುದರಿಂದ ಅವನ್ನು ಗಣಿಗೆ ಒಯ್ಯಲು ಸಲಹೆ ನೀಡಿದರು. ಬ್ರಿಟನ್‌ನ ಗಣಿಗಳಲ್ಲಿ 1986ರವರೆಗೂ ಕ್ಯಾನರಿಗಳಿದ್ದವು. ಹಾಲ್ಡೇನ್ 1936ರಲ್ಲಿ ತೀರಿಕೊಂಡರು. ಬಾಲ್ಯದಲ್ಲೇ ಅಪ್ಪನ ಪ್ರಯೋಗಗಳಿಗೆ ಜೊತೆಯಾಗಿದ್ದ ಮಗ ಜೆ.ಬಿ.ಎಸ್. ಹಾಲ್ಡೇನ್ ಮುಂದೆ ಭಾರತದ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು.

ಇದಕ್ಕೂ ನಿಮ್ಮ ಕಾರಿಗೂ ಏನು ಸಂಬಂಧ?

ಹೊಗೆಯಲ್ಲಿ ನೀರಿನ ಆವಿಯೂ ಇರುತ್ತದೆ. ಬರೀ ಹತ್ತಿರದ ಓಡಾಟಕ್ಕೆ ಕಾರು ಬಳಸಿದರೆ ಸೈಲೆನ್ಸರ್ ಪೂರ್ತಿ ಬಿಸಿಯಾಗದೆ ನೀರು ಒಳಗೇ ಉಳಿದು ತುಕ್ಕು ಹಿಡಿಯುತ್ತದೆ. ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಸವೆದಿರಬಹುದು. ಕಾರಿನ ನೆಲದಲ್ಲೂ ತುಕ್ಕಿನ ತೂತುಗಳಿದ್ದರೆ ಸೋರಿದ ಹೊಗೆ ನೇರವಾಗಿ ಒಳಗೆ ಬರುತ್ತದೆ.

ಸದ್ದು ಹೆಚ್ಚಾಗಿದೆಯೇ? ಜೋಡಣೆಗಳ ಬಳಿ ಕಪ್ಪು ಮಸಿ ಇದೆಯೇ? ಕೊಳವೆಯನ್ನು ಹಿಡಿದಿರುವ ರಬ್ಬರ್ ಹರಿದು ಕೊಳವೆ ಜೋತಾಡುತ್ತಿದೆಯೇ? ಕೂಡಲೇ ಮೆಕ್ಯಾನಿಕ್‌ಗೆ ತೋರಿಸಿ. ತೂತಿಗೆ ಟೇಪು ಸುತ್ತುವುದು ಗ್ಯಾರೇಜು ತಲುಪುವವರೆಗಿನ ಉಪಾಯ ಅಷ್ಟೇ. ಸವೆದ ಭಾಗ ಬದಲಿಸುವಾಗ ಹಳೆ ಗ್ಯಾಸ್ಕೆಟ್, ಕ್ಲಾಂಪ್‌ಗಳನ್ನೂ ಬದಲಿಸಿ.

ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಬೇಡಿ. ಎ.ಸಿ. ಈ ಅನಿಲವನ್ನು ಶುದ್ಧ ಮಾಡುವುದಿಲ್ಲ. ಪ್ರಯಾಣದಲ್ಲಿ ಎಲ್ಲರಿಗೂ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ದಾರಿಯ ಆಯಾಸ ಎಂದು ಕಡೆಗಣಿಸಬೇಡಿ. ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಹೊರಗೆ ಗಾಳಿಗೆ ಬನ್ನಿ, ವೈದ್ಯರನ್ನು ಕಾಣಿ.

ಹಳೆ ಕಾರು ಓಡಿಸುವ ನಿಮ್ಮ ಬಂಧುಗಳಿಗೂ ಇದನ್ನು ಕಳುಹಿಸಿ.