ಸರದಾರರ ನಗರಸೇವೆ

ಸರದಾರ ವಲ್ಲಭಭಾಯಿ ಪಟೇಲರೆಂದೊಡನೆ ಜನತೆಯ ಕಣ್ಮುಂದೆ ನಿಲ್ಲುವುದು ಬಾರ್ಡೋಲಿಯ ರೈತನಾಯಕನ ಮೂರ್ತಿ, ಇಲ್ಲವೆ ಐನೂರಕ್ಕೂ ಮಿಕ್ಕ ಸಂಸ್ಥಾನಗಳನ್ನು ಒಂದುಗೂಡಿಸಿದ ಮುತ್ಸದ್ದಿಯ ಮೂರ್ತಿ. ಆದರೆ ಈ ಎರಡೂ ಮಹತ್ಕಾರ್ಯಗಳಿಗೆ ಅವರನ್ನು ಅಣಿಗೊಳಿಸಿದ ಗರಡಿಯೊಂದಿತ್ತು. ಅದು ಅಹಮದಾಬಾದ ನಗರದ ಮುನಿಸಿಪಾಲಿಟಿ. ಚರಂಡಿ, ನಲ್ಲಿನೀರು, ಪ್ರಾಥಮಿಕ ಶಾಲೆಗಳ ಚಿಂತೆಯಲ್ಲಿ ಅವರು ಕಳೆದ ವರುಷಗಳನ್ನು ಇಂದು ನೆನೆಯುವವರು ವಿರಳ. ನಮ್ಮ ನಗರಗಳ ಈಗಿನ ದುಃಸ್ಥಿತಿಯನ್ನು ಕಾಣುವಾಗ ಆ ಅಧ್ಯಾಯವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿಯುತ್ತೇವೆ.

1875ನೆಯ ಇಸವಿ ಅಕ್ಟೋಬರ್ 31ರಂದು ನಡಿಯಾದದಲ್ಲಿ ಜನಿಸಿದ ವಲ್ಲಭಭಾಯಿಯವರು ಗೋಧ್ರಾ, ಬೋರಸದಗಳಲ್ಲಿ ವಕೀಲಿ ನಡೆಸಿ, ಹಣ ಕೂಡಿಸಿ ವಿಲಾಯತಿಗೆ ತೆರಳಿ, 1913ರಲ್ಲಿ ಬ್ಯಾರಿಸ್ಟರರಾಗಿ ಮರಳಿದರು. ಅಹಮದಾಬಾದದಲ್ಲಿ ಅವರ ವಕೀಲಿ ಬಲು ಬೇಗ ಬೆಳಗಿತು. ಗುಜರಾತ ಕ್ಲಬ್ಬಿನಲ್ಲಿ ಇಸ್ಪೀಟಾಡುತ್ತ, ಮಹಾತ್ಮರ ಮಾತುಗಳನ್ನು ಪರಿಹಾಸ್ಯ ಮಾಡುತ್ತಿದ್ದ ಈ ಬ್ಯಾರಿಸ್ಟರರು ಮುಂದೆ ಅವರ ಬಲಗೈಯಾಗುವರೆಂದು ಆಗ ಯಾರೂ ಊಹಿಸಿರಲಿಲ್ಲ.

ಆ ನಗರದ ಸ್ಥಿತಿಯಾದರೂ ಎಂತಹದು? ಕೋಟೆಯೊಳಗೆ ಪೋಳ್ ಎಂಬ ಇಕ್ಕಟ್ಟಾದ ಓಣಿಗಳು. ಕೋಟೆಯ ಹೊರಗೆ ಗಿರಣಿಗಳ ಹೊಗೆ, ಕೂಲಿಕಾರರ ಚಾಳುಗಳು. 1861ರಲ್ಲಿ ಮೊದಲ ಹತ್ತಿಗಿರಣಿ ಆರಂಭಿಸಿದ ರಣಛೋಡಲಾಲರೇ ಮುಂದೆ ಮುನಿಸಿಪಾಲಿಟಿಯ ಅಧ್ಯಕ್ಷರಾಗಿ ಕೊಳವೆ ನೀರನ್ನೂ ನೆಲದಡಿಯ ಚರಂಡಿಯನ್ನೂ ತಂದರು. ಅದಕ್ಕೆ ಅವರು ಊರವರಿಂದಲೇ ವಿರೋಧವನ್ನು ಎದುರಿಸಬೇಕಾಯಿತು. 1921ರ ಹೊತ್ತಿಗೆ ಜನಸಂಖ್ಯೆ ಸುಮಾರು 2,70,000ಕ್ಕೆ ಏರಿತ್ತು. ನೀರೂ ಚರಂಡಿಯೂ ಆ ವೇಗದಲ್ಲಿ ಬೆಳೆದಿರಲಿಲ್ಲ.

1917ರಲ್ಲಿ ವಲ್ಲಭಭಾಯಿಯವರು ದರಿಯಾಪುರ ವಿಭಾಗದಿಂದ ಮುನಿಸಿಪಾಲಿಟಿಯನ್ನು ಪ್ರವೇಶಿಸಿ ಆರೋಗ್ಯ ಸಮಿತಿಯ ಹೊಣೆ ಹೊತ್ತರು. ಅದೇ ವರುಷ ಪ್ಲೇಗಿನ ಮಾರಿ ನಗರವನ್ನು ಹೊಕ್ಕಿತು. ಶಾಲೆ, ಕಚೇರಿಗಳು ಮುಚ್ಚಿದವು. ಅನುಕೂಲವಿದ್ದವರು ಊರು ತೊರೆದರು. ವಲ್ಲಭಭಾಯಿಯವರು ತೊರೆಯಲಿಲ್ಲ. ಓಣಿ ಓಣಿಗಳಲ್ಲಿ ಸಂಚರಿಸಿ ಚರಂಡಿಗಳನ್ನು ಶುಚಿಗೊಳಿಸಿದರು. ಸಮಿತಿಯ ಅಧ್ಯಕ್ಷನಾದವನು ಅಪಾಯದ ವೇಳೆಯಲ್ಲಿ ತಲೆಮರೆಸಿಕೊಂಡರೆ ಜಾಡಮಾಲಿಗೆ ಕೆಲಸ ಹೇಳುವ ಅಧಿಕಾರ ಆತನಿಗೆ ಉಳಿಯುವುದುಂಟೆ?

ಅಸಹಕಾರದ ದಿನಗಳಲ್ಲಿ ಮುನಿಸಿಪಾಲಿಟಿಯು ತನ್ನ ಶಾಲೆಗಳಿಗೆ ಸರಕಾರದ ಸಹಾಯಧನವೂ ಬೇಡ, ತಪಾಸಣೆಯೂ ಬೇಡವೆಂದು ನಿರ್ಧರಿಸಿತು. ಇದನ್ನು ಸಹಿಸದ ಮುಂಬಯಿ ಸರಕಾರ 1922ರಲ್ಲಿ ಮುನಿಸಿಪಾಲಿಟಿಯನ್ನೇ ಬರಖಾಸ್ತುಗೊಳಿಸಿತು. ಆದರೆ ಮಕ್ಕಳು ಬೀದಿಪಾಲಾಗಲಿಲ್ಲ; ಪೌರರ ವಂತಿಗೆಯಿಂದ ರಾಷ್ಟ್ರೀಯ ಶಾಲೆಗಳು ನಡೆದವು. ಕಾಯಿದೆಯ ಮುನಿಸಿಪಾಲಿಟಿ ಹೋದರೂ ಜನರ ಮನಸ್ಸಿನಲ್ಲಿ ಮುನಿಸಿಪಾಲಿಟಿಯೊಂದು ಉಳಿದಿತ್ತೆಂಬುದಕ್ಕೆ ಇದೇ ಸಾಕ್ಷಿ.

1924ರಲ್ಲಿ ಚುನಾಯಿತ ಸಭೆ ಮರಳಿ ಬಂದಾಗ ವಲ್ಲಭಭಾಯಿಯವರೇ ಅಧ್ಯಕ್ಷರಾದರು. ಅದೇ ಕಾಲದಲ್ಲಿ ಕಲಕತ್ತೆಯಲ್ಲಿ ದೇಶಬಂಧು ದಾಸರು, ಅಲಾಹಾಬಾದದಲ್ಲಿ ಜವಾಹರಲಾಲರು, ಪಾಟ್ಣಾದಲ್ಲಿ ರಾಜೇಂದ್ರಪ್ರಸಾದರು ಇಂತಹವೇ ಪೀಠಗಳಲ್ಲಿದ್ದರು. ಸ್ವರಾಜ್ಯದ ಮೊದಲ ಪಾಠವನ್ನು ರಾಷ್ಟ್ರವು ಬೀದಿಯ ದೀಪದ ಕೆಳಗೆ ಕಲಿಯಿತೆಂದರೆ ತಪ್ಪಾಗದು.

ಅಧ್ಯಕ್ಷರಾಗಿ ಅವರು ಹಿಡಿದ ಗುರಿಗಳು ಕೆಲವೇ: ಸಾಕಷ್ಟು ನೀರು, ನಿಲ್ಲದೆ ಹರಿದುಹೋಗುವ ಚರಂಡಿ, ಉಸಿರಾಟಕ್ಕೆ ತೆರಪು, ಮಕ್ಕಳಿಗೆ ಶಾಲೆ. ಆದರೆ ಆ ಗುರಿಗಳು ಮುನಿಸಿಪಾಲಿಟಿಯ ಕಾಗದದಲ್ಲಷ್ಟೇ ಉಳಿಯದೆ ಊರಿನವೇ ಆಗಬೇಕೆಂಬುದು ಅವರ ಪದ್ಧತಿಯ ತಿರುಳು. ಊರಿನಲ್ಲಿ ಗಿರಣಿಯ ಒಡೆಯರ ಸಂಘವಿತ್ತು, ಅನಸೂಯಾಬೆನ್ ಹಾಗೂ ಮಹಾತ್ಮರ ನೇತೃತ್ವದಲ್ಲಿ 1920ರಲ್ಲಿ ಹುಟ್ಟಿದ ಕೂಲಿಕಾರರ ಮಜೂರ್ ಮಹಾಜನವಿತ್ತು, ಕಾಂಗ್ರೆಸ್ಸಿನ ಸ್ವಯಂಸೇವಕರಿದ್ದರು. ಪರಸ್ಪರ ಹಿತವಿರೋಧವುಳ್ಳವರೂ ನೀರು ಚರಂಡಿಗಳ ವಿಷಯದಲ್ಲಿ ಒಂದೇ ದಿಕ್ಕಿಗೆ ನೋಡಬಲ್ಲರೆಂಬ ನಂಬುಗೆ ಅವರದು. ಅವರೂ ಸಂಗಡಿಗರೂ ಪೊರಕೆ ಹಿಡಿದು ಬೀದಿ ಗುಡಿಸಲು ಹೊರಟಾಗ ಮೊದಲು ಹೋದದ್ದು ಹರಿಜನರ ಕೇರಿಗೆ.

ಈ ಸಹಕಾರದ ಅತ್ಯುತ್ತಮ ನಿದರ್ಶನ ನಗರರಚನೆಯ ಯೋಜನೆ. 1915ರ ಮುಂಬಯಿ ಕಾಯಿದೆಯಂತೆ, ಒಂದು ಪ್ರದೇಶದ ಹೊಲಗಳನ್ನೆಲ್ಲ ಕೂಡಿಸಿ ಹೊಸದಾಗಿ ಹಂಚುವರು. ರಸ್ತೆಗೂ ಸಾರ್ವಜನಿಕ ಬಳಕೆಗೂ ಪ್ರತಿಯೊಬ್ಬ ಒಡೆಯನೂ ಒಂದು ಪಾಲನ್ನು ಬಿಡುವನು. ಉಳಿದುದು ಅವನಿಗೆ ಅಚ್ಚುಕಟ್ಟಾದ ನಿವೇಶನವಾಗಿ ಮರಳುವುದು. ಒಬ್ಬನ ಭೂಮಿಯನ್ನು ಕಸಿದು ಮತ್ತೊಬ್ಬನಿಗೆ ಲಾಭ ಮಾಡುವ ರೀತಿ ಇದಲ್ಲ. ನಷ್ಟವೂ ಲಾಭವೂ ಎಲ್ಲರಿಗೂ ಹಂಚಿಕೆಯಾಗುವ ರೀತಿ. ಸಾಬರಮತಿಯ ಪಶ್ಚಿಮಕ್ಕೆ ಎಲ್ಲಿಸ್ ಬ್ರಿಜ್ ಭಾಗದಲ್ಲಿ ನಗರ ಹರಡಿಕೊಂಡದ್ದು ಈ ಮಾರ್ಗದಿಂದ.

1927ರ ಜುಲೈಯಲ್ಲಿ ಗುಜರಾತದ ಮೇಲೆ ಮಹಾಮಳೆ ಸುರಿಯಿತು. ಅಧ್ಯಕ್ಷರು ನಡುರಾತ್ರಿಯಲ್ಲಿ ನೆನೆಯುತ್ತ ಊರು ಸುತ್ತಿ, ಎಂಜಿನಿಯರರನ್ನು ಎಬ್ಬಿಸಿ ಕರೆತಂದು, ನಿಂತ ನೀರಿಗೆ ದಾರಿ ಬಿಡಿಸಿದರು. ಬಳಿಕ ಹಳ್ಳಿಗಳ ಪರಿಹಾರಕ್ಕಾಗಿ ಸ್ವಯಂಸೇವಕರನ್ನು ಕಳಿಸಿದರು. ಸರಕಾರದ ನೆರವನ್ನೂ ಪಡೆದರು. ಮರು ವರುಷವೇ, 1928ರಲ್ಲಿ, ಅಧ್ಯಕ್ಷಪದವನ್ನು ತ್ಯಜಿಸಿ ಬಾರ್ಡೋಲಿಯಲ್ಲಿ ಅದೇ ಸರಕಾರದ ವಿರುದ್ಧ ಕರನಿರಾಕರಣೆಯ ಕಹಳೆ ಊದಿದರು. ಜನರ ಪ್ರಾಣರಕ್ಷಣೆಗಾಗಿ ಸಹಕಾರ, ಅನ್ಯಾಯಕ್ಕೆ ಅಸಹಕಾರ. ಇವೆರಡರಲ್ಲಿ ಅವರು ವಿರೋಧ ಕಾಣಲಿಲ್ಲ, ನಮಗೂ ಕಾಣದು.

ಎಲ್ಲವೂ ಕೈಗೂಡಿತೆಂದು ನಾವು ಹೇಳೆವು. ಕೂಲಿಕಾರರ ಚಾಳುಗಳ ಸಂಕಟ ಅವರ ಕಾಲದಲ್ಲಿ ತೀರಲಿಲ್ಲ. ಪಶ್ಚಿಮ ದಡದ ಸೌಲಭ್ಯ ಪೂರ್ವದ ಗಿರಣಿಕೇರಿಗೆ ದೊರೆಯಲಿಲ್ಲ. ಆದರೂ 1950ರ ಡಿಸೆಂಬರ್ 15ರಂದು ಅವರು ನಿಧನರಾದಾಗ ಭಾರತಕ್ಕೆ ಬಿಟ್ಟುಹೋದ ಆಸ್ತಿಯಲ್ಲಿ ಈ ನಗರಸೇವೆಯ ಪಾಠವೂ ಒಂದು.

ಆ ಪಾಠವನ್ನು ನಾವು ಕಲಿತೆವೆ? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಮೀರಿದ ನಗರಗಳಿಗೆ ವಾರ್ಡು ಸಮಿತಿಗಳನ್ನು ವಿಧಿಸಿತು. ಆದರೆ ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರುಷಗಟ್ಟಲೆ ಚುನಾಯಿತ ಸಭೆಯೇ ಇಲ್ಲದೆ ಆಡಳಿತ ನಡೆಯಿತು. ಪರಕೀಯ ಸರಕಾರ ಮುನಿಸಿಪಾಲಿಟಿಯನ್ನು ಕಿತ್ತುಹಾಕಿದಾಗ ಅಹಮದಾಬಾದ ಸುಮ್ಮನಿರಲಿಲ್ಲ; ಸ್ವಕೀಯ ಸರಕಾರ ಚುನಾವಣೆಯನ್ನು ಮುಂದೂಡಿದಾಗ ನಾವು ಬಹುಮಟ್ಟಿಗೆ ಸುಮ್ಮನಿದ್ದೆವು. ನೀರಿನ ಇಲಾಖೆ ಅಗೆದು ಮುಚ್ಚಿದ ಬೀದಿಯನ್ನು ವಿದ್ಯುತ್ತಿನವರು ಮರುತಿಂಗಳು ಅಗೆಯುವುದು ಹಣದ ಕೊರತೆಯಿಂದಲ್ಲ, ಸಮಾನ ಗುರಿಯ ಕೊರತೆಯಿಂದ. ಸರದಾರರಿಗೆ ವಿಗ್ರಹಗಳು ಬೇಕಾದಷ್ಟಿವೆ. ನಮ್ಮ ಓಣಿಯ ವಾರ್ಡು ಸಭೆ ಎಂದು ಕೂಡುವುದೆಂದು ವಿಚಾರಿಸಿ, ಅಲ್ಲಿಗೆ ಹೋಗಿ ಕುಳಿತುಕೊಳ್ಳುವುದೇ ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.