ಚಂದ್ರಿಯ ಪಾತ್ರಧಾರಿ: ಸ್ನೇಹಲತಾ ರೆಡ್ಡಿ ಮತ್ತು ಕನ್ನಡ ಹೊಸ ಅಲೆಯ ಆರಂಭ

ಕನ್ನಡದ ಹೊಸ ಅಲೆಯ ಸಿನಿಮಾ 1970ರ ‘ಸಂಸ್ಕಾರ’ದಿಂದ ಆರಂಭವಾಯಿತೆಂಬುದು ಬಹುಮಟ್ಟಿಗೆ ಒಪ್ಪಿತವಾದ ನಿಲುವು. (ಎನ್. ಲಕ್ಷ್ಮೀನಾರಾಯಣ್ ಅವರ 1964ರ ‘ನಾಂದಿ’ಯನ್ನು ಬದಿಗಿಟ್ಟು ಹೀಗೆನ್ನುವುದು ಪೂರ್ಣ ಸರಿಯಲ್ಲ; ಆ ಚರ್ಚೆ ಬೇರೆ.) ಈ ಚರಿತ್ರೆಯಲ್ಲಿ ಕಾದಂಬರಿಕಾರ ಯು.ಆರ್. ಅನಂತಮೂರ್ತಿ, ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನಾದ ಗಿರೀಶ ಕಾರ್ನಾಡ, ನಾರಣಪ್ಪನಾದ ಪಿ. ಲಂಕೇಶ್, ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಮುನ್ನೆಲೆಗೆ ಬರುತ್ತಾರೆ. ಚಂದ್ರಿಯಾದ ಸ್ನೇಹಲತಾ ರೆಡ್ಡಿ ಮಾತ್ರ ಪಾತ್ರವರ್ಗದ ಪಟ್ಟಿಯಲ್ಲೇ ಉಳಿದುಬಿಡುತ್ತಾರೆ.

1932ರಲ್ಲಿ ಜನಿಸಿದ ಸ್ನೇಹಲತಾ ಬೆಳೆದದ್ದು ಚಿತ್ರೋದ್ಯಮದಲ್ಲಲ್ಲ, ಮದರಾಸಿನ ಹವ್ಯಾಸಿ ರಂಗಭೂಮಿಯಲ್ಲಿ. ಅಲ್ಲಿನ ‘ಮದ್ರಾಸ್ ಪ್ಲೇಯರ್ಸ್’ ತಂಡದ ಸ್ಥಾಪಕರಲ್ಲಿ ಅವರೊಬ್ಬರು. ಪತಿ ಪಟ್ಟಾಭಿ ತೆಲುಗಿನ ನವ್ಯ ಕವಿ, ಜನಪ್ರಿಯ ತೆಲುಗು ಚಿತ್ರಗಳ ನಿರ್ಮಾಪಕ. ದಂಪತಿಗಳಿಬ್ಬರೂ ಲೋಹಿಯಾ ವಿಚಾರಗಳಿಗೆ ಒಲಿದವರು. ಆಗ ಮದರಾಸಿನಲ್ಲಿ ಉದ್ಯೋಗದಲ್ಲಿದ್ದ ಕಾರ್ನಾಡರೂ ಇದೇ ರಂಗತಂಡದ ಒಡನಾಡಿ. ‘ಸಂಸ್ಕಾರ’ ರೂಪುಗೊಂಡದ್ದು ಈ ಗೆಳೆತನದಿಂದ. ತಾರೆಯರಿಲ್ಲದ, ಹಾಡು-ಕುಣಿತಗಳಿಲ್ಲದ ಚಿತ್ರವೊಂದು ಉದ್ಯಮದ ಹೊರಗಿನವರಿಂದಲೇ ಸಾಧ್ಯವಾಯಿತು. ಆಸ್ಟ್ರೇಲಿಯಾದ ಟಾಮ್ ಕೋವನ್ ಛಾಯಾಗ್ರಹಣ ಮಾಡಿದರು. ರಾಜೀವ ತಾರಾನಾಥರು ಸಂಗೀತ ನೀಡಿದರು.

ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂದು ಅಗ್ರಹಾರ ತರ್ಕಿಸುತ್ತಿರುವಾಗ, ತನ್ನ ಒಡವೆಗಳನ್ನು ಮುಂದಿಟ್ಟು, ಕೊನೆಗೆ ರಾತ್ರಿಯಲ್ಲಿ ತಾನೇ ದಹನದ ವ್ಯವಸ್ಥೆ ಮಾಡುವವಳು ಚಂದ್ರಿ. ಶಾಸ್ತ್ರಕ್ಕೆ ಸಿಗದ ಉತ್ತರ ಅವಳ ಕ್ರಿಯೆಯಲ್ಲಿದೆ. ಈ ಪಾತ್ರವನ್ನು ಕೇವಲ ಪ್ರಲೋಭನೆಯ ಸಂಕೇತವಾಗಿ ಓದುವ ವಿಮರ್ಶೆಗೆ ಸ್ನೇಹಲತಾರ ಮಿತಭಾಷಿ, ಘನತೆಯ ಅಭಿನಯವೇ ಪ್ರತ್ಯುತ್ತರ ಎನ್ನಬೇಕು. ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದ ಈ ಚಿತ್ರಕ್ಕೇ 1970ನೇ ಸಾಲಿನ ರಾಷ್ಟ್ರಪತಿಗಳ ಸ್ವರ್ಣ ಪದಕ ದೊರೆಯಿತು. ಕನ್ನಡಕ್ಕೆ ಅದು ಮೊದಲನೆಯದು.

ತುರ್ತುಪರಿಸ್ಥಿತಿಯು ಅವರ ಬದುಕನ್ನು ಬೇರೊಂದು ದಿಕ್ಕಿಗೆ ತಿರುಗಿಸಿತು. ಜಾರ್ಜ್ ಫರ್ನಾಂಡಿಸ್ ಅವರೊಡನೆ ಸಂಪರ್ಕವಿದ್ದ ಕಾರಣ 1976ರ ಮೇ ತಿಂಗಳಲ್ಲಿ ಬಂಧಿತರಾದರು. ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ; ಆದರೂ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳು ಇರಿಸಲಾಯಿತು. ತೀವ್ರ ಅಸ್ತಮಾಕ್ಕೆ ತಕ್ಕ ಚಿಕಿತ್ಸೆ ಸಿಗಲಿಲ್ಲ. ಅಲ್ಲಿಯೂ ಸುಮ್ಮನಿರದೆ ಸಹಕೈದಿ ಮಹಿಳೆಯರ ಪರವಾಗಿ ಅಧಿಕಾರಿಗಳೊಡನೆ ಹೋರಾಡಿದರು, ದಿನಚರಿ ಬರೆದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದ ಅವರು ಜನವರಿ 20ರಂದು ತೀರಿಕೊಂಡರು.

ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕವನ್ನು ಆಧರಿಸಿ ಪಟ್ಟಾಭಿ ನಿರ್ದೇಶಿಸಿದ, ಸ್ನೇಹಲತಾರೂ ನಟಿಸಿದ್ದ ‘ಚಂಡಮಾರುತ’ ಅದೇ ವರ್ಷ, ತುರ್ತುಪರಿಸ್ಥಿತಿ ಮುಗಿದ ಮೇಲೆ ತೆರೆಕಂಡಿತು. ಅವರ ಸೆರೆಮನೆಯ ದಿನಚರಿಯೂ 1977ರಲ್ಲಿಯೇ ಪ್ರಕಟವಾಯಿತು.