ಜಿಯೆ ಜಿಟುಯಿ ಮತ್ತು ತಂಗಳೂಟದ ವ್ರತ

ವಸಂತವಿಷುವ ಕಳೆದು ಸುಮಾರು ಹದಿನೈದು ದಿನಗಳಿಗೆ, ಏಪ್ರಿಲ್ 4 ಅಥವಾ 5ರ ವೇಳೆಗೆ, ಚೀನೀಯರು ಹಿರಿಯರ ಸಮಾಧಿಗಳಿಗೆ ಹೋಗಿ, ಕಳೆ ಕಿತ್ತು, ಗುಡಿಸಿ, ಎಡೆಯಿಟ್ಟು ಬರುತ್ತಾರೆ. ಛಿಂಗ್‌ಮಿಂಗ್ ಎಂದು ಈ ಪರ್ವದ ಹೆಸರು. ಇದರ ಮಗ್ಗುಲಲ್ಲೇ ಹಿಂದೆ ಒಲೆ ಹೊತ್ತಿಸದೆ ತಂಗಳನ್ನೇ ಉಣ್ಣುವ ವ್ರತವೊಂದಿತ್ತು. ಅದರ ಮೂಲಪುರುಷನೆಂದು ಜನ ನಂಬಿದವನು ಜಿಯೆ ಜಿಟುಯಿ.

ಜಿನ್ ರಾಜ್ಯದ ರಾಜಕುಮಾರ ಚೊಂಗೆರ್ ಅರಮನೆಯ ಒಳಸಂಚಿಗೆ ಅಂಜಿ ಕ್ರಿ. ಪೂ. 655ರಲ್ಲಿ ದೇಶ ಬಿಟ್ಟೋಡಿದನು. ಅವನೊಡನೆ 19 ವರ್ಷ ಅಲೆದವರಲ್ಲಿ ಜಿಯೆ ಒಬ್ಬ. ಹಸಿದ ಒಡೆಯನಿಗೆ ತನ್ನ ತೊಡೆಯ ಮಾಂಸವನ್ನೇ ಕೊಯ್ದು ಉಣಿಸಿದನೆಂದು ಕಥೆ. ಕ್ರಿ. ಪೂ. 636ರಲ್ಲಿ ಚೊಂಗೆರ್ ಪಟ್ಟವೇರಿ ವೆನ್ ದೊರೆಯಾದನು. ಸಂಗಡಿಗರಿಗೆ ಬಹುಮಾನಗಳು ಸಂದವು. ಜಿಯೆ ಕೇಳಲಿಲ್ಲ; ದೊರೆ ನೆನೆಯಲೂ ಇಲ್ಲ. ದೈವ ಕೊಟ್ಟ ರಾಜ್ಯವನ್ನು ತಮ್ಮ ಸಾಧನೆಯೆಂದು ಹೇಳಿಕೊಳ್ಳುವುದು ಕಳವಿಗಿಂತ ಕೀಳೆಂದು ಅವನು ಬಗೆದಿದ್ದನು. ನೀನೂ ಹೋಗಿ ಕೇಳಬಾರದೇಕೆ ಎಂದು ತಾಯಿ ವಿಚಾರಿಸಿದಳು. ದೊರೆಗೆ ತಿಳಿಯುವಂತಾದರೂ ಮಾಡು ಎಂದಳು. ಮಗ ಒಪ್ಪದಿರಲು ಆ ಮುದುಕಿ ಮರುಮಾತಾಡದೆ ಅವನೊಡನೆ ಕಾಡಿಗೆ ನಡೆದಳು. ಆಮೇಲೆ ದೊರೆ ಹುಡುಕಿಸಿದನು, ಸಿಗಲಿಲ್ಲ. ತನ್ನ ತಪ್ಪಿನ ಗುರುತಾಗಿ ಮಿಯೆನ್‌ಷಾಂಗಿನ ಹೊಲಗಳನ್ನು ಜಿಯೆಯ ಪೂಜೆಗೆಂದು ಬಿಟ್ಟನು.

‘ಜುವೊ ಜುವಾನ್’ ಎಂಬ ಪ್ರಾಚೀನ ಇತಿಹಾಸಗ್ರಂಥ ಇಲ್ಲಿಗೇ ನಿಲ್ಲುತ್ತದೆ. ಅದರಲ್ಲಿ ಬೆಂಕಿಯ ಸುಳಿವೇ ಇಲ್ಲ! ಅವನನ್ನು ಹೊರಡಿಸಲು ದೊರೆ ಬೆಟ್ಟಕ್ಕೆ ಬೆಂಕಿಯಿಡಿಸಿದನು, ತಾಯಿಮಕ್ಕಳು ಮರವನ್ನಪ್ಪಿ ಸುಟ್ಟುಹೋದರು, ಅಂದಿನಿಂದ ಆ ದಿನ ಒಲೆ ಉರಿಸಕೂಡದೆಂದು ಕಟ್ಟಳೆಯಾಯಿತು ಎಂಬುದೆಲ್ಲ ಅನಂತರ ಬೆಳೆದ ಮಾತು. ನನಗೇನೋ ಹಳೆಯ ಗ್ರಂಥದ ಮೌನವೇ ಹೆಚ್ಚು ಘನವಾಗಿ ಕಾಣುತ್ತದೆ. ಆದರೆ ಜನರ ಮನಸ್ಸನ್ನು ಹಿಡಿದದ್ದು ಬೆಂಕಿಯೇ.

ಆ ಹಿಡಿತ ಸಾಮಾನ್ಯದ್ದಲ್ಲ. ಕ್ರಿ. ಶ. ಎರಡನೆಯ ಶತಮಾನದಲ್ಲಿ ತಾಯ್‌ಯುವಾನ್ ಪ್ರಾಂತದವರು ಕೊರೆಯುವ ಚಳಿಗಾಲದಲ್ಲಿ ಒಂದು ತಿಂಗಳು ಒಲೆ ಆರಿಸುತ್ತಿದ್ದರು; ಮುದುಕರೂ ಮಕ್ಕಳೂ ಅದನ್ನು ತಾಳಲಾರದೆ ಸಾಯುತ್ತಿದ್ದರು. ಅಧಿಕಾರಿ ಝೋ ಜು ಜಿಯೆಯ ಗುಡಿಯಲ್ಲೇ ಬಿನ್ನಹಪತ್ರವೊಂದನ್ನು ಇರಿಸಿ, ಪ್ರಾಣಹಾನಿ ಸತ್ಪುರುಷನ ಇಚ್ಛೆಯಲ್ಲವೆಂದು ತಿಳಿಸಿ, ಜನರನ್ನು ಬಿಸಿಯೂಟಕ್ಕೆ ಮರಳಿಸಲು ಯತ್ನಿಸಿದನು. 206ರಲ್ಲಿ ತ್ಸಾವ್ ತ್ಸಾವ್ ವ್ರತವನ್ನೇ ನಿಷೇಧಿಸಿದನು. ವ್ರತ ಅಳಿಯಲಿಲ್ಲ.

732ರಲ್ಲಿ ತಾಂಗ್ ಚಕ್ರವರ್ತಿ ಷುವಾನ್‌ಜೊಂಗ್ ತಂಗಳೂಟದ ದಿನ ಸಮಾಧಿದರ್ಶನಕ್ಕೆ ಅಧಿಕೃತ ಮನ್ನಣೆಯಿತ್ತನು. ಮುಂದೆ ಎರಡು ಆಚರಣೆಗಳೂ ಬೆರೆತು ಛಿಂಗ್‌ಮಿಂಗ್ ಉಳಿಯಿತು. 2008ರಿಂದ ಚೀನದಲ್ಲಿ ಅದು ಸಾರ್ವಜನಿಕ ರಜೆ. ಯಾಂಗ್‌ತ್ಸೆ ನದಿಯ ತೆಂಕಣ ಸೀಮೆಯಲ್ಲಿ ಆ ದಿನಗಳಲ್ಲಿ ಸೊಪ್ಪಿನ ರಸ ಬೆರೆಸಿದ ಹಸಿರು ಅಕ್ಕಿಕಡುಬನ್ನು ಬೇಯಿಸಿ, ಆರಿಸಿ, ತಣ್ಣಗೇ ತಿನ್ನುವುದುಂಟು.